ಕಹಿಯನ್ನು ಗುರುತಿಸುವ ಮೂಗು: ಉಸಿರುದಾರಿಯ ಸ್ವಂತ ರಕ್ಷಣೆಗೆ ಸಸ್ಯಗಳಿಂದ ಏನು ಸಿಗಬಹುದು?

ಡೊಂಬಿವಲಿಯ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದು ಗಾಳಿ ನಿಂತ ಮೇಲೆ ಮುಂಬಯಿ ಸುತ್ತಲಿನ ನಮ್ಮ ಉಪನಗರಗಳಲ್ಲಿ ಕಟ್ಟಡಗಳ ಧೂಳೂ ವಾಹನಗಳ ಹೊಗೆಯೂ ಕೆಳಗೇ ಉಳಿಯುತ್ತವೆ, ತರಗತಿಯಲ್ಲಿ ಅರ್ಧ ಮಕ್ಕಳು ಮೂಗು ಒರೆಸಿಕೊಳ್ಳುತ್ತಿರುತ್ತಾರೆ, ಪ್ರತಿ ಮನೆಯಲ್ಲೂ ಒಂದೊಂದು ಬಗೆಯ ಕಷಾಯ ಆರಂಭವಾಗುತ್ತದೆ. ನಮ್ಮ ಮನೆಯಲ್ಲಿ ಊರಿನ ಪದ್ಧತಿಯಂತೆ ಕಾಳುಮೆಣಸು, ಶುಂಠಿ, ಜೀರಿಗೆ, ದೊಡ್ಡಪತ್ರೆ ಹಾಕುತ್ತೇವೆ. ನೆರೆಯ ಮರಾಠಿ ಮನೆಯವರು ಅಡುಳಸಾ (ಆಡುಸೋಗೆ), ಗುಳವೇಲ್ (ಅಮೃತಬಳ್ಳಿ) ಹಾಕುತ್ತಾರೆ. ಮುಂಜಾನೆ ಉದ್ಯಾನದ ಬಾಗಿಲಲ್ಲಿ ಹಾಗಲಕಾಯಿಯ ಮತ್ತು ಬೇವಿನ ರಸ ಮಾರುವವರ ಮುಂದೆ ಜನ ಕಾಯುತ್ತಿರುತ್ತಾರೆ. ಇವೆಲ್ಲವನ್ನೂ ‘ರೋಗನಿರೋಧಕ ಶಕ್ತಿಗೆ ಒಳ್ಳೆಯದು’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆ ಮಾತು ನನಗೆ ಸಾಲುತ್ತಿಲ್ಲ. ಸಸ್ಯದಲ್ಲಿರುವ ಯಾವ ಅಂಶ, ಮೂಗು ಮತ್ತು ಶ್ವಾಸನಾಳದ ಯಾವ ಭಾಗದ ಮೇಲೆ, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ನಮ್ಮ ಅತ್ತೆಯವರಿಗೆ ಮಧುಮೇಹವೂ ಹಳೆಯ ಉಬ್ಬಸವೂ ಇರುವುದರಿಂದ, ಅವರಿಗೆ ಕೊಡುವುದನ್ನು ತಿಳಿದು ಕೊಡಬೇಕೆಂಬ ಕಾಳಜಿಯೂ ಈ ಪ್ರಶ್ನೆಯ ಹಿಂದಿದೆ.

ಪುಣೆಯ ನಿವೃತ್ತ ಪ್ರಾಧ್ಯಾಪಕ:

ಅಕ್ಕನವರೇ, ಪ್ರಶ್ನೆಯನ್ನು ಸರಿಯಾದ ಕಡೆಯಿಂದ ಕೇಳಿದ್ದೀರಿ. ಯಾವ ಸೊಪ್ಪು ಒಳ್ಳೆಯದು ಎಂಬುದಕ್ಕಿಂತ ಮೊದಲು ಉಸಿರುದಾರಿ ತನ್ನನ್ನು ತಾನು ಹೇಗೆ ಕಾಯ್ದುಕೊಳ್ಳುತ್ತದೆ ಎಂಬುದನ್ನು ನೋಡಬೇಕು. ದಿನವೊಂದಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ನಾವು ಒಳಗೆಳೆದುಕೊಳ್ಳುತ್ತೇವೆ. ಅದರೊಡನೆ ಬರುವ ಧೂಳು, ಬ್ಯಾಕ್ಟೀರಿಯಾ, ವೈರಸ್‌ಗಳಲ್ಲಿ ಬಹುಪಾಲು ಮೂಗು ಮತ್ತು ಶ್ವಾಸನಾಳದ ಒಳಗೋಡೆಯ ತೆಳುವಾದ ಲೋಳೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಳಗೋಡೆಯ ಜೀವಕೋಶಗಳ ನೆತ್ತಿಯಲ್ಲಿ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿವೆ, ಒಂದು ಕೋಶಕ್ಕೆ ಸುಮಾರು 200. ಅವು ಸೆಕೆಂಡಿಗೆ ಹತ್ತು ಹನ್ನೆರಡು ಬಾರಿ ಒಂದೇ ದಿಕ್ಕಿನಲ್ಲಿ ಬಡಿಯುತ್ತ, ಆ ಲೋಳೆಯನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ, ನಾವು ಅರಿವಿಲ್ಲದೆಯೇ ಅದನ್ನು ನುಂಗುತ್ತೇವೆ. ಇದರ ಜೊತೆಗೆ ಲೈಸೋಜೈಮ್, ಡಿಫೆನ್ಸಿನ್ ಎಂಬ ಸೂಕ್ಷ್ಮಜೀವಿನಾಶಕ ಪ್ರೋಟೀನುಗಳಿವೆ, ಆ ಕೋಶಗಳೇ ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಿದೆ. ಈ ವ್ಯವಸ್ಥೆ ಪ್ರತಿಕಾಯಗಳು ತಯಾರಾಗುವವರೆಗೆ ಕಾಯುವುದಿಲ್ಲ, ನಿಮಿಷಗಳಲ್ಲಿ ಪ್ರತಿಕ್ರಿಯಿಸುತ್ತದೆ.

ಈಗ ಸಸ್ಯಗಳ ವಿಷಯಕ್ಕೆ ಬರೋಣ. ಕಹಿಯನ್ನು ಗುರುತಿಸುವ ಗ್ರಾಹಕಗಳು, ಅಂದರೆ ಕೋಶದ ಮೇಲಿರುವ ವಿಶೇಷ ಪ್ರೋಟೀನುಗಳು, ಮನುಷ್ಯನಲ್ಲಿ ಸುಮಾರು 25 ಬಗೆಯವು ಇವೆ, ಮತ್ತು ಅವು ನಾಲಿಗೆಯಲ್ಲಿ ಮಾತ್ರ ಇವೆ ಎಂದೇ ಬಹುಕಾಲ ತಿಳಿಯಲಾಗಿತ್ತು. ಶ್ವಾಸನಾಳದ ಸಿಲಿಯಾಗಳ ಮೇಲೂ ಅವು ಇವೆ, ಕಹಿ ವಸ್ತು ತಾಗಿದಾಗ ಸಿಲಿಯಾಗಳ ಬಡಿತ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ತೋರಿಸಿದರು. ಮರುವರ್ಷ ಮೇರಿಲ್ಯಾಂಡಿನ ಇನ್ನೊಂದು ತಂಡ ಶ್ವಾಸನಾಳವನ್ನು ಸುತ್ತಿರುವ ಸ್ನಾಯುಗಳಲ್ಲೂ ಅದೇ ಗ್ರಾಹಕಗಳನ್ನು ಕಂಡಿತು. ಅಲ್ಲಿ ಕಹಿ ವಸ್ತು ಸ್ನಾಯುವನ್ನು ಸಡಿಲಗೊಳಿಸುತ್ತಿತ್ತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೊಗಸಾದ ಕೆಲಸ 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಲೀ ಮತ್ತು ನೋಮ್ ಕೊಹೆನ್ ಅವರ ತಂಡ ಪ್ರಕಟಿಸಿದ್ದು. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು ತಮ್ಮೊಳಗೆ ಸುದ್ದಿ ಹಂಚಿಕೊಳ್ಳಲು ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತವೆ. ಮೂಗಿನ ಕೋಶಗಳಲ್ಲಿರುವ ಟಿ2ಆರ್38 ಎಂಬ ಕಹಿ ಗ್ರಾಹಕ ಆ ರಾಸಾಯನಿಕಗಳನ್ನೇ ಗುರುತಿಸಿಬಿಡುತ್ತದೆ. ಗುರುತಿಸಿದ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ; ಆ ಅನಿಲ ಒಂದು ಕಡೆ ಸಿಲಿಯಾಗಳ ಬಡಿತವನ್ನು ಹೆಚ್ಚಿಸುತ್ತದೆ, ಇನ್ನೊಂದು ಕಡೆ ಲೋಳೆಗೆ ಇಳಿದು ಬ್ಯಾಕ್ಟೀರಿಯಾವನ್ನು ನೇರವಾಗಿ ಕೊಲ್ಲುತ್ತದೆ. ಶತ್ರುವಿನ ಮಾತನ್ನು ಕದ್ದು ಕೇಳುವ ಕಾವಲುಗಾರನಂತೆ ಈ ಗ್ರಾಹಕ ಇಲ್ಲಿ ಕೆಲಸ ಮಾಡುತ್ತದೆ. ಇದೇ ಗ್ರಾಹಕವನ್ನು ಎಲೆಕೋಸಿನ ಕುಟುಂಬದ ತರಕಾರಿಗಳಿಂದ ಬರುವ ಗಾಯ್ಟ್ರಿನ್ ಎಂಬ ಕಹಿ ಅಂಶವೂ ಎಚ್ಚರಿಸಬಲ್ಲದು. ಸಸ್ಯದ ಕಹಿಗೂ ಮೂಗಿನ ರಕ್ಷಣೆಗೂ ಇರುವ ನಂಟು ಅಲ್ಲಿಂದ ಆರಂಭವಾಗುತ್ತದೆ.

ಮಾಟುಂಗಾದ ಗೃಹಸ್ಥ:

ಪ್ರಾಧ್ಯಾಪಕರೇ, ತುಂಬ ಉಪಕಾರವಾಯಿತು. ಎರಡು ಸಂದೇಹಗಳಿವೆ. ಒಂದೇ ಹಾಗಲಕಾಯಿ ಗೊಜ್ಜು ನನಗೆ ಸಹಿಸಲಾಗದಷ್ಟು ಕಹಿ, ನನ್ನ ತಮ್ಮನಿಗೆ ಅದು ಕಹಿಯೇ ಅಲ್ಲ. ಹಾಗಾದರೆ ಮೂಗಿನ ರಕ್ಷಣೆಯೂ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆಯೇ? ಎರಡನೆಯದಾಗಿ, ನಾವು ಕುಡಿದ ಕಷಾಯ ಹೊಟ್ಟೆಗೆ ಹೋಗುತ್ತದೆಯೇ ಹೊರತು ಮೂಗಿಗೆ ಹೋಗುವುದಿಲ್ಲವಲ್ಲ?

ಪುಣೆಯ ನಿವೃತ್ತ ಪ್ರಾಧ್ಯಾಪಕ:

ನಿಮ್ಮ ಎರಡನೆಯ ಸಂದೇಹವೇ ಈ ಇಡೀ ವಿಷಯದ ಗಂಟು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯದಕ್ಕೆ ಉತ್ತರ ಹೌದು. ಆದರೆ ಹಾಗಲಕಾಯಿಯ ಕಹಿಯನ್ನು ಗುರುತಿಸುವ ಗ್ರಾಹಕಗಳು ಬೇರೆ, ಆದ್ದರಿಂದ ಅದರಿಂದ ಟಿ2ಆರ್38ರ ಬಗ್ಗೆ ತೀರ್ಮಾನಕ್ಕೆ ಬರಬಾರದು. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಸಹೋದ್ಯೋಗಿಗೆ ಅದು ವಿಪರೀತ ಕಹಿಯೆನಿಸಿತು, ಫಾಕ್ಸ್ ಅವರಿಗೆ ಏನೂ ತಿಳಿಯಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವಾದ ಜೀನ್ ಟಿ2ಆರ್38ರದ್ದು ಎಂಬುದು 2003ರಲ್ಲಿ ಗೊತ್ತಾಯಿತು. ತಂದೆತಾಯಿ ಇಬ್ಬರಿಂದಲೂ ಆ ಗ್ರಾಹಕದ ಮಂದ ರೂಪವನ್ನೇ ಪಡೆದವರ ಮೂಗಿನ ಕೋಶಗಳು ಪೆನ್ಸಿಲ್ವೇನಿಯಾದ ಪ್ರಯೋಗದಲ್ಲಿ ಸೂಡೊಮೊನಾಸ್‌ಗೆ ಬಹಳ ದುರ್ಬಲವಾಗಿ ಪ್ರತಿಕ್ರಿಯಿಸಿದವು. ಸೈನಸ್ ಶಸ್ತ್ರಚಿಕಿತ್ಸೆಯ ಹಂತಕ್ಕೆ ಬರುವವರಲ್ಲಿ ಇಂಥವರ ಪಾಲು ಹೆಚ್ಚು ಎಂದೂ ಅದೇ ತಂಡ ಮುಂದೆ ವರದಿ ಮಾಡಿತು. ಬೇರೆ ದೇಶಗಳ ರೋಗಿಗಳಲ್ಲಿ ಎಲ್ಲ ಕಡೆಯೂ ಅದೇ ಫಲಿತಾಂಶ ಬಂದಿಲ್ಲವಾದ್ದರಿಂದ, ಈ ಜೀನನ್ನು ಹಣೆಬರಹವೆಂದು ತಿಳಿಯುವುದು ತಪ್ಪಾಗುತ್ತದೆ.

ಸಸ್ಯಗಳಲ್ಲಿರುವ ಫ್ಲೇವೋನ್ ಎಂಬ ರಾಸಾಯನಿಕ ಅಂಶಗಳು ಇಲ್ಲಿ ಮುಖ್ಯವಾಗುತ್ತವೆ. ಟಿ2ಆರ್14 ಎಂಬ ಇನ್ನೊಂದು ಗ್ರಾಹಕ ಒಂದೆರಡಲ್ಲ, ಬಹಳ ಬಗೆಯ ಕಹಿ ವಸ್ತುಗಳಿಗೆ ಸ್ಪಂದಿಸುತ್ತದೆ. ಏಪಿಜೆನಿನ್, ಕ್ರೈಸಿನ್ ಎಂಬ ಫ್ಲೇವೋನ್‌ಗಳು ಅದನ್ನು ಎಚ್ಚರಿಸಿ, ಮೂಗಿನ ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡನ್ನೂ ಸಿಲಿಯಾಗಳ ಬಡಿತವನ್ನೂ ಹೆಚ್ಚಿಸುತ್ತವೆ ಎಂದು ಅದೇ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿದರು. ಏಪಿಜೆನಿನ್ ಕ್ಯಾಮೊಮೈಲ್ ಹೂವು, ಪಾರ್ಸ್ಲಿ, ಸೆಲರಿಗಳಲ್ಲಿ ಹೇರಳವಾಗಿದೆ. ನಮ್ಮ ತುಳಸಿಯಲ್ಲೂ ಅದನ್ನು ಗುರುತಿಸಲಾಗಿದೆ. ಕ್ರೈಸಿನ್ ಜೇನುಗೂಡಿನ ಅಂಟಿನಲ್ಲಿ ಸಿಗುತ್ತದೆ. ಸಿಂಕೋನಾ ತೊಗಟೆಯ ಕ್ವಿನೈನ್ ಕೂಡ ಹಲವು ಕಹಿ ಗ್ರಾಹಕಗಳನ್ನು ತಟ್ಟುತ್ತದೆ.

ಈಗ ಆ ಗಂಟು. ಈ ಪ್ರಯೋಗಗಳೆಲ್ಲ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮೂಗಿನ ಕೋಶಗಳ ಮೇಲೆ ವಸ್ತುವನ್ನು ನೇರವಾಗಿ ಹಾಕಿ ನಡೆಸಿದವು. ನಾವು ನುಂಗಿದ ಏಪಿಜೆನಿನ್‌ನಲ್ಲಿ ಸ್ವಲ್ಪವೇ ಕರುಳಿನಿಂದ ಹೀರಲ್ಪಡುತ್ತದೆ, ಹೀರಲ್ಪಟ್ಟದ್ದನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ಬೇಗ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ. ತಟ್ಟೆಯಲ್ಲಿದ್ದ ಸಾಂದ್ರತೆ ಮೂಗಿನ ಲೋಳೆಯಲ್ಲಿ ಒಂದು ಲೋಟ ತುಳಸಿ ಕಷಾಯದಿಂದ ಬರುತ್ತದೆ ಎನ್ನಲು ಆಧಾರವಿಲ್ಲ. ಈ ಸಂಶೋಧನೆಯ ಗುರಿಯೂ ಕಷಾಯವಲ್ಲ, ಮೂಗಿಗೆ ಸಿಂಪಡಿಸಬಹುದಾದ ಔಷಧ. ‘ತುಳಸಿಯಲ್ಲಿ ಏಪಿಜೆನಿನ್ ಇದೆ, ಏಪಿಜೆನಿನ್ ಮೂಗನ್ನು ಕಾಯುತ್ತದೆ, ಆದ್ದರಿಂದ ತುಳಸಿ ಕುಡಿದರೆ ಸಾಕು’ ಎಂಬ ಸರಪಳಿಯ ನಡುವಿನ ಕೊಂಡಿ ಇನ್ನೂ ಬೆಸೆದಿಲ್ಲ.

ಅತ್ತೆಯವರ ಮಧುಮೇಹದ ಬಗ್ಗೆ ಒಂದು ಮಾತು. ಮೂಗಿನಲ್ಲಿ ಇನ್ನೊಂದು ಬಗೆಯ ವಿರಳ ಕೋಶಗಳಿವೆ. ಅವು ಕಹಿಯನ್ನು ಗುರುತಿಸಿದಾಗ ಸುತ್ತಲಿನ ಕೋಶಗಳು ಸೂಕ್ಷ್ಮಜೀವಿನಾಶಕ ಪ್ರೋಟೀನುಗಳನ್ನು ಹೊರಬಿಡುತ್ತವೆ, ಸಿಹಿಯನ್ನು ಗುರುತಿಸಿದಾಗ ಆ ಕ್ರಿಯೆಯನ್ನು ತಡೆಹಿಡಿಯುತ್ತವೆ. ಆರೋಗ್ಯವಂತರ ಉಸಿರುದಾರಿಯ ದ್ರವದಲ್ಲಿ ಗ್ಲೂಕೋಸ್ ರಕ್ತದಲ್ಲಿರುವುದರ ಹತ್ತನೆಯ ಒಂದು ಭಾಗದಷ್ಟು ಮಾತ್ರ. ರಕ್ತದ ಸಕ್ಕರೆ ಏರಿದರೆ ಅದೂ ಏರುತ್ತದೆ. ಹೀಗಾಗಿ ಅವರ ವಿಷಯದಲ್ಲಿ ಯಾವ ಸೊಪ್ಪಿಗಿಂತಲೂ ಮೊದಲು ಸಕ್ಕರೆಯ ನಿಯಂತ್ರಣ ಬರಬೇಕು, ಕಷಾಯಕ್ಕೆ ಬೆಲ್ಲ ಹಾಕದಿರುವುದೂ ಅದರಲ್ಲೇ ಸೇರುತ್ತದೆ.

ಠಾಣೆಯ ಔಷಧ ವ್ಯಾಪಾರಿ:

ಹೊಟ್ಟೆಯ ಮೂಲಕವೂ ಉಸಿರುದಾರಿಯನ್ನು ತಲುಪಿದ ಸಸ್ಯಮೂಲದ ಒಂದು ಉದಾಹರಣೆ ನಮ್ಮ ಅಂಗಡಿಯಲ್ಲೇ ಇದೆ. ಊರಿನಲ್ಲಿ ಬೇಲಿಗೆ ನೆಡುವ ಆಡುಸೋಗೆ, ಇಲ್ಲಿನವರ ಅಡುಳಸಾ. ಅದರ ಎಲೆಯಲ್ಲಿ ವ್ಯಾಸಿಸಿನ್ ಎಂಬ ಅಲ್ಕಲಾಯ್ಡ್ ಇದೆ. ಆ ಅಣುವಿನ ರಚನೆಯನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ್ದೇ ಬ್ರೋಮ್‌ಹೆಕ್ಸಿನ್, 1960ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಬ್ರೋಮ್‌ಹೆಕ್ಸಿನ್ ದೇಹದೊಳಗೆ ಮಾರ್ಪಟ್ಟಾಗ ಸಿಗುವ ಆಂಬ್ರೋಕ್ಸಾಲ್ ಕೂಡ ಮುಂದೆ ಬೇರೆಯೇ ಔಷಧವಾಯಿತು. ಕಫದ ಕೆಮ್ಮಿಗೆ ಇಂದು ವೈದ್ಯರು ಬರೆಯುವ ಎಷ್ಟೋ ಸಿರಪ್‌ಗಳಲ್ಲಿ ಇವೆರಡರಲ್ಲಿ ಒಂದು ಇದ್ದೇ ಇರುತ್ತದೆ. ಅವು ಗಟ್ಟಿಯಾದ ಲೋಳೆಯನ್ನು ತೆಳುವಾಗಿಸಿ, ಪ್ರಾಧ್ಯಾಪಕರು ವಿವರಿಸಿದ ಸಿಲಿಯಾಗಳಿಗೆ ಅದನ್ನು ಸಾಗಿಸಲು ಅನುಕೂಲ ಮಾಡಿಕೊಡುತ್ತವೆ.

ಆದರೆ ಎಲೆಯ ರಸವೂ ಮಾತ್ರೆಯೂ ಒಂದೇ ಅಲ್ಲ. ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಎಂಬುದು ಮುದ್ರಿತವಾಗಿರುತ್ತದೆ; ಎಲೆಯಲ್ಲಿ ವ್ಯಾಸಿಸಿನ್ ಋತುವಿಗೆ, ಮಣ್ಣಿಗೆ, ಎಲೆಯ ಬಲಿತಕ್ಕೆ ತಕ್ಕಂತೆ ಬದಲಾಗುತ್ತದೆ. ವ್ಯಾಸಿಸಿನ್‌ಗೆ ಗರ್ಭಾಶಯವನ್ನು ಸಂಕುಚಿಸುವ ಗುಣವೂ ಇದೆ, ಆದ್ದರಿಂದ ಬಸುರಿಯರಿಗೆ ಆಡುಸೋಗೆ ಕಷಾಯವನ್ನಾಗಲಿ ಅದರ ಸಿರಪ್ಪನ್ನಾಗಲಿ ಮನೆಯಲ್ಲೇ ನಿರ್ಧರಿಸಿ ಕೊಡಬಾರದು. ಇದನ್ನು ನಾನು ಅಂಗಡಿಯಲ್ಲಿ ಪ್ರತಿ ಚಳಿಗಾಲವೂ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ವಾಶಿಯ ಸದಸ್ಯೆ:

ಅರಿಸಿನದ ಹಾಲಿಗೆ ಕಾಳುಮೆಣಸು ಹಾಕಿದರೆ ಅದರ ಶಕ್ತಿ ಇಪ್ಪತ್ತು ಪಟ್ಟು ಹೆಚ್ಚುತ್ತದೆ ಎಂದು ಎಲ್ಲ ಕಡೆ ಓದುತ್ತೇವೆ. ಇದು ನಿಜವೇ ಅಣ್ಣ?

ಠಾಣೆಯ ಔಷಧ ವ್ಯಾಪಾರಿ:

ಆ ಮಾತಿನ ಮೂಲ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನ. ಅರಿಸಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ 2 ಗ್ರಾಂ, ಅದರ ಜೊತೆಗೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ದೇಹಕ್ಕೆ ದಕ್ಕಿದ ಕರ್ಕ್ಯುಮಿನ್ ಪ್ರಮಾಣ ಶೇಕಡಾ 2000ರಷ್ಟು ಏರಿತು. ಆದರೆ ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಒಂದು ಚಮಚ ಅರಿಸಿನದಿಂದ 2 ಗ್ರಾಂ ಬರುವುದಿಲ್ಲ. ಅಲ್ಲದೆ ಪೈಪರಿನ್ ಇಲ್ಲದಾಗ ರಕ್ತದಲ್ಲಿ ಸಿಕ್ಕದ್ದು ಅಳತೆಗೆ ನಿಲುಕದಷ್ಟು ಅಲ್ಪವಾಗಿತ್ತು, ಅಲ್ಪವಾದದ್ದು ಅನೇಕ ಪಟ್ಟು ಹೆಚ್ಚಿದರೂ ಅಲ್ಪವಾಗಿಯೇ ಉಳಿಯಬಹುದು.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಪೈಪರಿನ್ ಕರ್ಕ್ಯುಮಿನ್ ಒಂದನ್ನೇ ಹಿಡಿದು ನಿಲ್ಲಿಸುವುದಿಲ್ಲ. ಯಕೃತ್ತು ಹೊರಹಾಕಬೇಕಾದ ಕೆಲವು ಔಷಧಗಳನ್ನೂ ದೇಹದಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ಅವುಗಳಲ್ಲಿ ಸೇರಿವೆ. ಥಿಯೋಫಿಲಿನ್ ಪ್ರಮಾಣ ಸ್ವಲ್ಪ ಹೆಚ್ಚಾದರೂ ಎದೆಬಡಿತ, ವಾಕರಿಕೆ ಬರುತ್ತವೆ. ಸಾರಿಗೆ ಹಾಕುವ ಮೆಣಸಿಗೆ ಭಯಪಡಬೇಕಾಗಿಲ್ಲ. ಪೈಪರಿನ್ ಸೇರಿಸಿದ ಅರಿಸಿನದ ಕ್ಯಾಪ್ಸೂಲುಗಳ ವಿಷಯದಲ್ಲಿ ಎಚ್ಚರ ಬೇಕು. ಡೊಂಬಿವಲಿಯ ಅಕ್ಕನವರು ಅತ್ತೆಯವರ ಮಾತ್ರೆಗಳ ಹೆಸರನ್ನು ಒಮ್ಮೆ ನೋಡಿಕೊಳ್ಳಿ.

ಮುಲುಂಡಿನ ವೈದ್ಯೆ:

ಈ ಚರ್ಚೆಯನ್ನು ಓದುತ್ತಿದ್ದೆ. ಗುಳವೇಲ್ ಹೆಸರು ಬಂದದ್ದರಿಂದ ಬರೆಯಲೇಬೇಕೆನಿಸಿತು. ನಾವು ಅಮೃತಬಳ್ಳಿ ಎನ್ನುವ ಈ ಬಳ್ಳಿಯನ್ನು ಕೋವಿಡ್ ಕಾಲದಲ್ಲಿ ಈ ನಗರದ ಜನ ದಿನನಿತ್ಯ ಕುದಿಸಿ ಕುಡಿದರು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬಯಿಯಲ್ಲಿ ಯಕೃತ್ತಿನ ತೊಂದರೆಯಿಂದ ಬಂದ ಆರು ರೋಗಿಗಳ ವಿವರಗಳನ್ನು ಇಲ್ಲಿನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆ ಆರೂ ಮಂದಿ ಅಮೃತಬಳ್ಳಿಯನ್ನು ಸೇವಿಸಿದವರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ, ಗಿಡವನ್ನು ಸರಿಯಾಗಿ ಗುರುತಿಸಿಲ್ಲ ಎಂದಿತು. ಅಮೃತಬಳ್ಳಿಯನ್ನೇ ಹೋಲುವ ಇನ್ನೊಂದು ಜಾತಿಯ ಬಳ್ಳಿ ಇರುವುದು ನಿಜ. ಆದರೆ ಉದ್ಯಾನದ ಬಾಗಿಲಲ್ಲಿ ರಸ ಕೊಳ್ಳುವವರಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ? ದೇಹದ ರೋಗರಕ್ಷಣೆಯನ್ನು ಉದ್ದೀಪಿಸುವ ವಸ್ತು, ಆ ರಕ್ಷಣೆಯೇ ತನ್ನ ದೇಹದ ಮೇಲೆ ತಿರುಗುವ ಸ್ವಭಾವ ಉಳ್ಳವರಲ್ಲಿ ಯಕೃತ್ತಿಗೆ ಉರಿಯೂತ ತರಬಹುದು ಎಂಬ ವಿವರಣೆಯನ್ನು ನಾನು ಗಂಭೀರವಾಗಿಯೇ ಪರಿಗಣಿಸುತ್ತೇನೆ. ಥೈರಾಯ್ಡಿನ ಸ್ವಪ್ರತಿರಕ್ಷಾ ಕಾಯಿಲೆ ಇರುವವರು ಇದನ್ನು ಕುಡಿಯುವುದನ್ನು ಕಂಡರೆ ನಿಲ್ಲಿಸಲು ಹೇಳುತ್ತೇನೆ.

ನೆಲಬೇವಿನ ಬಗ್ಗೆಯೂ ಜನ ಕೇಳುತ್ತಾರೆ. ಸಾಮಾನ್ಯ ಶೀತದಲ್ಲಿ ಕೆಮ್ಮು, ಗಂಟಲುನೋವನ್ನು ಅದು ತಗ್ಗಿಸುತ್ತದೆ ಎನ್ನುವ ಪ್ರಯೋಗಗಳಿವೆ, ಅವುಗಳಲ್ಲಿ ಬಹಳಷ್ಟು ಗುಣಮಟ್ಟದಲ್ಲಿ ಕಡಿಮೆಯವು. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು ತೀವ್ರ ಅಲರ್ಜಿಯ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ನೀಲಗಿರಿ ಎಣ್ಣೆಯ ಸಿನಿಯೋಲ್‌ಗೆ ಇದಕ್ಕಿಂತ ಉತ್ತಮ ಆಧಾರವಿದೆ: ಹಳೆಯ ಶ್ವಾಸಕೋಶದ ಕಾಯಿಲೆಯವರಿಗೆ ಚಳಿಗಾಲವಿಡೀ ಅದರ ಕ್ಯಾಪ್ಸೂಲ್ ಕೊಟ್ಟು ಜರ್ಮನಿಯಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಯಿತು. ಅದು ಅಳತೆಯ ಕ್ಯಾಪ್ಸೂಲ್ ಎಂಬುದನ್ನು ಮರೆಯಬೇಡಿ. ಶೀಶೆಯ ನೀಲಗಿರಿ ಎಣ್ಣೆಯೂ ಕರ್ಪೂರವೂ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸಬಲ್ಲವು. ಮಗುವಿನ ಮೂಗಿನ ಹತ್ತಿರ ಕರ್ಪೂರದೆಣ್ಣೆ ಹಚ್ಚುವ ಪದ್ಧತಿಯನ್ನು ದಯವಿಟ್ಟು ಬಿಡಿ. ಕೆಮ್ಮಿಗೆ ಜೇನುತುಪ್ಪ ಒಳ್ಳೆಯದೇ, ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಕೂಡದು.

ಮಡಗಾಂವ್‌ನ ಸದಸ್ಯ:

ಗೋವಾದಿಂದ ನಮಸ್ಕಾರ. ಎಲೆಕೋಸಿನ ಕುಟುಂಬದ ಮಾತು ಮೇಲೆ ಬಂದಿದೆ. ಬ್ರಾಕೊಲಿ ಮೊಳಕೆಯ ಸಲ್ಫೊರಾಫೇನ್ ಶ್ವಾಸಕೋಶಕ್ಕೆ ಬಹಳ ಒಳ್ಳೆಯದೆಂದು ಓದಿದ್ದೆ. ಅದು ಕಹಿ ಗ್ರಾಹಕದ ಮೂಲಕವೇ ಕೆಲಸ ಮಾಡುತ್ತದೆಯೇ?

ಪುಣೆಯ ನಿವೃತ್ತ ಪ್ರಾಧ್ಯಾಪಕ:

ಇಲ್ಲ, ಅದರ ದಾರಿ ಬೇರೆ. ಕೋಶದೊಳಗೆ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಇದೆ. ಸಲ್ಫೊರಾಫೇನ್ ಅದನ್ನು ಬಂಧನದಿಂದ ಬಿಡಿಸುತ್ತದೆ, ಅದು ಹೋಗಿ ಹೊಗೆಯ ವಿಷವನ್ನು ಎದುರಿಸುವ ಕಿಣ್ವಗಳ ತಯಾರಿಕೆಗೆ ಚಾಲನೆ ಕೊಡುತ್ತದೆ. ಇದರಲ್ಲಿ ಉತ್ಸಾಹ ಹುಟ್ಟಲು ಕಾರಣಗಳಿದ್ದವು. ಬ್ರಾಕೊಲಿ ಮೊಳಕೆಯನ್ನು ತಿಂದವರ ಮೂಗು ತೊಳೆದ ನೀರಿನ ಕೋಶಗಳಲ್ಲಿ ಆ ಕಿಣ್ವಗಳು ಹೆಚ್ಚಿದ್ದನ್ನು ಲಾಸ್ ಏಂಜಲೀಸ್‌ನಲ್ಲಿ 2009ರಲ್ಲಿ ಕಂಡರು. ಅಂದರೆ ತಿಂದದ್ದು ಮೂಗಿನವರೆಗೆ ಪರಿಣಾಮ ಬೀರಿತು. 2011ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು, ಧೂಮಪಾನದಿಂದ ಶ್ವಾಸಕೋಶ ಕೆಟ್ಟವರ ಬಿಳಿರಕ್ತಕೋಶಗಳು ಸಲ್ಫೊರಾಫೇನ್ ಸೋಕಿದ ಮೇಲೆ ಬ್ಯಾಕ್ಟೀರಿಯಾವನ್ನು ನುಂಗುವ ಶಕ್ತಿಯನ್ನು ಮರಳಿ ಪಡೆದದ್ದನ್ನು ತೋರಿಸಿದರು. ಆದರೆ ಅಂಥ ರೋಗಿಗಳಿಗೇ ಕೆಲವು ವಾರಗಳ ಕಾಲ ಸಲ್ಫೊರಾಫೇನ್ ಕೊಟ್ಟು ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾದಾಗ, ಎನ್‌ಆರ್‌ಎಫ್2ರ ಚಟುವಟಿಕೆಯಲ್ಲಾಗಲಿ ಉಸಿರಾಟದ ಅಳತೆಯಲ್ಲಾಗಲಿ ಬದಲಾವಣೆ ಕಾಣಲಿಲ್ಲ. ತಟ್ಟೆಯಿಂದ ರೋಗಿಯವರೆಗಿನ ದೂರ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಅಡುಗೆಯ ಮಟ್ಟಿಗೆ ಒಂದು ವಿಷಯ ತಿಳಿದಿರಲಿ. ಸಲ್ಫೊರಾಫೇನ್ ತರಕಾರಿಯಲ್ಲಿ ಸಿದ್ಧವಾಗಿ ಇರುವುದಿಲ್ಲ. ಹೆಚ್ಚಿದಾಗ ಮೈರೋಸಿನೇಸ್ ಎಂಬ ಕಿಣ್ವ ಅದನ್ನು ಉಂಟುಮಾಡುತ್ತದೆ, ಚೆನ್ನಾಗಿ ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಹಸಿ ಸಾಸಿವೆಯಲ್ಲಿ ಅದೇ ಕಿಣ್ವ ಇರುವುದರಿಂದ, ಬೇಯಿಸಿದ ಬ್ರಾಕೊಲಿಗೆ ಸಾಸಿವೆಪುಡಿ ಸೇರಿಸಿದಾಗ ಸಲ್ಫೊರಾಫೇನ್ ಮತ್ತೆ ಹೆಚ್ಚುವುದನ್ನು ಕಂಡಿದ್ದಾರೆ. ಒಗ್ಗರಣೆಯಲ್ಲಿ ಸಿಡಿಸಿದ ಸಾಸಿವೆಯಿಂದ ಇದು ಆಗದು, ಹಸಿಯಾಗಿ ಅರೆದದ್ದೇ ಬೇಕು.

ಮಾಟುಂಗಾದ ಗೃಹಸ್ಥ:

ಹಾಗಾದರೆ ನನ್ನ ಕೊನೆಯ ಪ್ರಶ್ನೆ. ಕಹಿ ಅಂಶ ತಾಗಿದಲ್ಲಿ ಕೆಲಸ ಮಾಡುವುದೇ ಹೌದಾದರೆ, ತುಳಸಿ ರಸವನ್ನು ಸೋಸಿ ಎರಡು ಹನಿ ಮೂಗಿಗೇ ಬಿಟ್ಟುಕೊಂಡರೆ ಏನು? ನಮ್ಮ ಕಟ್ಟಡದಲ್ಲಿ ಕೆಲವರು ಮಾಡುತ್ತಿದ್ದಾರೆ.

ಮುಲುಂಡಿನ ವೈದ್ಯೆ:

ದಯವಿಟ್ಟು ಮಾಡಬೇಡಿ, ಅವರಿಗೂ ಹೇಳಿ. ಮನೆಯಲ್ಲಿ ಸೋಸಿದ ರಸದಲ್ಲಿ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ, ಎಣ್ಣೆಯಂಶಗಳು ಸಿಲಿಯಾಗಳನ್ನೇ ಕೆರಳಿಸಬಹುದು. ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಗಳು ತೆರೆದುಕೊಂಡಿವೆ. ಶೀತಕ್ಕೆಂದು ಮೂಗಿಗೆ ಹಾಕುತ್ತಿದ್ದ ಸತುವಿನ ಜೆಲ್ ಒಂದರಿಂದ ಜನ ವಾಸನೆಯ ಶಕ್ತಿ ಕಳೆದುಕೊಂಡ ದೂರುಗಳು ಬಂದು, ಅದನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2009ರಲ್ಲಿ ಎಚ್ಚರಿಸಬೇಕಾಯಿತು.

ಮೂಗಿಗೆ ನೇರವಾಗಿ ಏನಾದರೂ ಮಾಡಬೇಕೆಂದಿದ್ದರೆ ಉಪ್ಪುನೀರಿನಿಂದ ತೊಳೆಯುವುದು ಇದೆ. ಸೈನಸ್ ತೊಂದರೆಯವರಿಗೆ ಅದನ್ನು ನಾವೇ ಹೇಳುತ್ತೇವೆ. ಅದು ಒಣಗಿದ ಲೋಳೆಯನ್ನು ಸಡಿಲಿಸಿ ಸಿಲಿಯಾಗಳ ದಾರಿಯನ್ನು ಬಿಡಿಸುತ್ತದೆ. ಅದಕ್ಕೆ ನಲ್ಲಿಯ ನೀರಾಗಲಿ ಟ್ಯಾಂಕಿನ ನೀರಾಗಲಿ ಕೂಡದು, ಮನೆಯ ಫಿಲ್ಟರಿನ ನೀರನ್ನೂ ನೇರವಾಗಿ ಬಳಸಬಾರದು. ಮೂಗಿನ ಮೂಲಕ ಮಿದುಳಿಗೆ ಏರುವ ನೆಗ್ಲೇರಿಯಾ ಎಂಬ ಅಮೀಬಾ ಬಹಳ ವಿರಳವಾದರೂ ಬಹುತೇಕ ಮಾರಕ. ಒಂದು ನಿಮಿಷವಾದರೂ ಚೆನ್ನಾಗಿ ಕೊತಕೊತ ಕುದಿಸಿ, ಮುಚ್ಚಿಟ್ಟು, ಉಗುರುಬೆಚ್ಚಗೆ ಆರಿಸಿದ ನೀರನ್ನೇ ಬಳಸಿ; ಕಾಲು ಲೀಟರಿಗೆ ಅರ್ಧ ಚಹಾ ಚಮಚದಷ್ಟು ಅಯೋಡಿನ್ ಇಲ್ಲದ ಉಪ್ಪು ಸಾಕು. ಪಾತ್ರೆಯನ್ನು ಪ್ರತಿ ಸಲವೂ ತೊಳೆದು ಪೂರ್ತಿ ಒಣಗಿಸಿ, ಉಳಿದ ನೀರನ್ನು ಮರುದಿನಕ್ಕೆ ಇಟ್ಟುಕೊಳ್ಳಬೇಡಿ.